ಹಳೇ ಚರ್ಮದ ಕೆಲಸದ, ಕುಶನ್ ಕೆಲಸದ ಕೈಸಾಮಾನು ಗುರುತಿಸುವುದು ಹೇಗೆ: ಮೊದಲು ಬಾಯಿ ನೋಡಿ, ಆಮೇಲೆ ಹಿಡಿ

ತುಮಕೂರಿನಲ್ಲಿ ನಾನು ಸೋಫಾ, ಕುರ್ಚಿಗಳ ಕುಶನ್ ಕೆಲಸ ಮಾಡುತ್ತೇನೆ. ಹಳೇ ಸಾಮಾನು ತಂದು "ಇದೇನು ಅಂತ ನೋಡಿ ಹೇಳಿ ಅಣ್ಣ" ಅನ್ನುವವರು ಬರುತ್ತಲೇ ಇರುತ್ತಾರೆ. ಕೆಲವರದು ಕೆಜಿಎಫ್ ಕಡೆಯ ಗುಜರಿಯಲ್ಲಿ ಸಿಕ್ಕಿದ್ದು, ಕೆಲವರದು ತಾತನ ಟ್ರಂಕಿನಲ್ಲಿ ಇದ್ದದ್ದು, ಕೆಲವರದು ಚಿಂತಾಮಣಿ ಕಡೆ ಹಳ್ಳಿಮನೆ ಅಟ್ಟದಿಂದ ಇಳಿಸಿದ್ದು. ಹೆಚ್ಚಿನವರು ಎರಡು ತಪ್ಪು ಮಾಡಿಕೊಂಡೇ ಬಂದಿರುತ್ತಾರೆ. ಒಂದು, ಮೊದಲು ಉಜ್ಜಿ ಹೊಳಪು ಬರಿಸಿ ಆಮೇಲೆ ಹೆಸರು ಕೇಳುತ್ತಾರೆ. ಎರಡು, ಹಿಡಿಯ ಆಕಾರ ನೋಡಿ ಹೆಸರು ಇಟ್ಟುಬಿಟ್ಟಿರುತ್ತಾರೆ.

ಹಿಡಿ ಮುರಿದರೆ ಬೇರೆ ಹಿಡಿ ಹಾಕುತ್ತಾರೆ. ಆರೆಯ (ಚರ್ಮಕ್ಕೆ ತೂತು ಮಾಡುವ, ಹಿಡಿ ಇರುವ ಚೂಪು ಕಡ್ಡಿ) ಮೊನೆ ಸವೆದರೆ ಅದೇ ಹಿಡಿಗೆ ಬೇರೆ ಮೊನೆ ಹಾಕುತ್ತಾರೆ. ಹಾಗಾಗಿ ಹಿಡಿಯನ್ನು ನಂಬಬೇಡಿ. ಸಾಮಾನು ಏನು ಕೆಲಸ ಮಾಡುತ್ತಿತ್ತು ಅನ್ನುವುದು ಅದರ ಬಾಯಲ್ಲಿ, ಅಂದರೆ ಕೆಲಸ ಮಾಡುವ ತುದಿಯಲ್ಲಿ, ಇರುತ್ತದೆ. ಗ್ರೈಂಡರ್ ಹಿಡಿದರೆ ಮೊದಲು ಹೋಗುವುದೂ ಆ ಬಾಯೇ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಶುರು ಮಾಡುವ ಮೊದಲು ಏನೇನು ಬೇಕು

ಟಾರ್ಚ್, ಭೂತಕನ್ನಡಿ, ಇಂಚು ಮತ್ತು ಮಿಲಿಮೀಟರ್ ಎರಡೂ ಇರುವ ಸ್ಕೇಲು, ಅಡುಗೆಮನೆ ತೂಕದ ಯಂತ್ರ, ಹಳೇ ಹಲ್ಲುಜ್ಜುವ ಬ್ರಷ್ಷು, ಮೆತ್ತಗಿನ ಬಟ್ಟೆ. ಒಂದು ಬಟ್ಟೆ ಸೋಪು ಬೇಕು, ಮೊನೆಯ ಪರೀಕ್ಷೆಗೆ. ಹಳೇ ಬೆಲ್ಟಿನ ಅಥವಾ ಚಪ್ಪಲಿ ಅಟ್ಟೆಯ ನಿಜವಾದ ಚರ್ಮದ ತುಂಡು ಬೇಕು. ರೆಕ್ಸಿನ್ ಆಗುವುದಿಲ್ಲ, ಅದರ ಮೇಲೆ ಗುರುತು ಸರಿಯಾಗಿ ನಿಲ್ಲುವುದಿಲ್ಲ. ನಾಲ್ಕೈದು ಅಳತೆಯ ಡ್ರಿಲ್ ಬಿಟ್ಟು, ಒಂದೆರಡು ಗುಂಡುಪಿನ್ನು, ಹೊಲಿಗೆ ಮಿಷನ್ನಿನ ಎಣ್ಣೆ, ಚೀಟಿ, ದಾರ ಇಟ್ಟುಕೊಳ್ಳಿ. ಕೈಗವಸು ಮತ್ತು ಮಾಸ್ಕ್ ಮರೆಯಬೇಡಿ.

ಉಪ್ಪುಕಾಗದ, ತಂತಿ ಬ್ರಷ್ಷು, ಗ್ರೈಂಡರ್ ಸದ್ಯಕ್ಕೆ ದೂರ ಇಡಿ. ನಮ್ಮ ಕಡೆ ಹಿತ್ತಾಳೆ ಕಂಡರೆ ಕೈ ತಾನಾಗೇ ಹುಣಸೆಹಣ್ಣಿಗೆ ಹೋಗುತ್ತದೆ. ಅದೂ ಬೇಡ. ಹಿತ್ತಾಳೆ ಮೇಲಿನ ತೆಳು ಅಚ್ಚಿನ ಅಕ್ಷರ ಹುಳಿಯಲ್ಲಿ ತಿಕ್ಕಿದರೆ ಇನ್ನೂ ಮಸುಕಾಗುತ್ತದೆ.

ಹಂತ 1: ಸಿಕ್ಕ ಹಾಗೇ ಹರಡಿ, ಫೋಟೋ ತೆಗೆಯಿರಿ

ಪೆಟ್ಟಿಗೆ ಬೋರಲು ಹಾಕಿ ಸುರಿಯಬೇಡಿ. ಒಂದೊಂದೇ ತೆಗೆದು ಹಳೇ ಪಂಚೆಯ ಮೇಲೆ ಇಡಿ. ಯಾವುದು ಯಾವುದರ ಪಕ್ಕ ಇತ್ತು ಅನ್ನುವುದು ಗೊತ್ತಾಗುವ ಹಾಗೆ ಫೋಟೋ ತೆಗೆಯಿರಿ.

ಪೆಟ್ಟಿಗೆಯ ತಳದಲ್ಲಿರುವ ಕಸ ಎಸೆಯಬೇಡಿ, ಅದೇ ಸಾಕ್ಷಿ. ಕಪ್ಪಗಾದ ಮೇಣದ ಉಂಡೆ, ಮೇಣ ಹಿಡಿದ ದಾರ, ಚರ್ಮದ ಬಾರಿನ ತುಂಡು ಇದ್ದರೆ ಚರ್ಮ ಹೊಲಿಯುವವರ ಪೆಟ್ಟಿಗೆ. ಅಗಲ ತಲೆಯ ಸಣ್ಣ ಮೊಳೆ, ನವಾರು ಪಟ್ಟಿಯ ಚೂರು, ಗೋಣಿತಾಟಿನ ಎಳೆ, ತೆಂಗಿನ ನಾರು ಇದ್ದರೆ ಕುಶನ್ ಕೆಲಸದವರದು. ಎರಡೂ ಇದ್ದರೆ ಆಶ್ಚರ್ಯ ಬೇಡ. ಜಟಕಾ ಬಂಡಿಯ ಕಾಲದಲ್ಲಿ ಕುದುರೆಯ ಬಾರು ಹೊಲಿಯುವುದೂ ಬಂಡಿಯ ಸೀಟು ತುಂಬುವುದೂ ಒಬ್ಬರ ಕೈಯಲ್ಲೇ ನಡೆಯಬಹುದಿತ್ತು.

ಎಚ್ಚರಿಕೆ: ಹಳೇ ಕುದುರೆ ಕೂದಲು, ಹದ ಮಾಡದ ಚರ್ಮದ ಪುಡಿ ಇದ್ದರೆ ಊದಬೇಡಿ, ಕೊಡವಬೇಡಿ. ಆಂಥ್ರಾಕ್ಸ್ ರೋಗದ ಕಣ ಇಂಥ ಕೂದಲು, ಚರ್ಮದಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಮಾಸ್ಕ್, ಕೈಗವಸು ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಎತ್ತಿ ಕವರಿನಲ್ಲಿ ಕಟ್ಟಿ. ತುಕ್ಕು ಹಿಡಿದ ಮೊನೆ ಚುಚ್ಚಿದರೆ ಸುಮ್ನೆ ಬಿಡಬೇಡಿ, ಸೋಪು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಿ, ಟಿ.ಟಿ. ಇಂಜೆಕ್ಷನ್ ಬೇಕಾ ಅಂತ ಕೇಳಿ.

ಹಂತ 2: ಧೂಳು ಮಾತ್ರ ತೆಗೆಯಿರಿ

ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಗುಡಿಸಿ. ಜಿಡ್ಡು ಜಾಸ್ತಿ ಇದ್ದರೆ ಎರಡು ಹನಿ ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಒರೆಸಿ. ಅಷ್ಟೇ. ತುಕ್ಕಿನ ಪದರ ಈಗ ಇರಲಿ.

ಹಂತ 3: ಬಾಯಿಗೆ ಒಂದು ಪ್ರಶ್ನೆ ಕೇಳಿ

ಪ್ರತಿ ಸಾಮಾನಿನ ತುದಿಯನ್ನು ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿ. ಇದು ಕೊಯ್ಯುತ್ತಿತ್ತಾ, ಚುಚ್ಚುತ್ತಿತ್ತಾ, ಒತ್ತಿ ಗುರುತು ಮಾಡುತ್ತಿತ್ತಾ, ಎಳೆಯುತ್ತಿತ್ತಾ, ಬಡಿಯುತ್ತಿತ್ತಾ? ಇದರ ಪ್ರಕಾರ ಐದು ಗುಂಪು ಮಾಡಿ. ಹೆಸರು ಇನ್ನೂ ಬೇಡ. ಅನುಮಾನ ಇದ್ದದ್ದನ್ನು ಆರನೇ ಗುಂಪಿಗೆ ಹಾಕಿ. ಕೊನೆಗೆ ಆ ಗುಂಪು ತಾನಾಗೇ ಕರಗುತ್ತದೆ.

ಹಂತ 4: ಮೊನೆ ಇರುವ ಸಾಮಾನು, ಸೋಪಿನ ಪರೀಕ್ಷೆ

ಎಲ್ಲರೂ ಸೋಲುವುದು ಇಲ್ಲೇ. ಹಿಡಿ ಇರುವ ಚೂಪು ಕಡ್ಡಿ ಕಂಡರೆ "ದಬ್ಬಳ" ಅಂದುಬಿಡುತ್ತಾರೆ. ತಿಪಟೂರು ಕಡೆ ಕೊಬ್ಬರಿ ಮೂಟೆ, ನಮ್ಮ ಮನೆಗಳಲ್ಲಿ ರಾಗಿ ಮೂಟೆ ಹೊಲಿದು ಹೊಲಿದು ದಬ್ಬಳ ನಮಗೆ ಅಷ್ಟು ರೂಢಿ. ಆದರೆ ಗೋಣಿ ದಬ್ಬಳಕ್ಕೆ ದಾರ ಪೋಣಿಸುವ ದೊಡ್ಡ ಕಣ್ಣು ಇರುತ್ತದೆ, ತುದಿ ಚಪ್ಪಟೆಯಾಗಿ ಸ್ವಲ್ಪ ಬಾಗಿರುತ್ತದೆ. ಚರ್ಮದ ಕೆಲಸದ ಸಾಮಾನ್ಯ ಆರೆಗೆ ಕಣ್ಣು ಇರುವುದಿಲ್ಲ. ಅದು ತೂತು ಮಾಡುತ್ತದೆ ಅಷ್ಟೇ, ದಾರ ಸೂಜಿಯಲ್ಲಿ ಹೋಗುತ್ತದೆ.

ಮೊನೆಯನ್ನು ಸೋಪಿಗೆ ನೇರವಾಗಿ ಒಂದು ಸೆಂಟಿಮೀಟರ್ ಒತ್ತಿ, ತಿರುಗಿಸದೆ ಹೊರಗೆ ತೆಗೆಯಿರಿ. ಸೋಪಿನಲ್ಲಿ ಉಳಿದ ತೂತನ್ನು ಭೂತಕನ್ನಡಿಯಲ್ಲಿ ನೋಡಿ.

ತೂತು ಇಸ್ಪೀಟಿನ ಡೈಮನ್ ಥರ, ಎರಡು ಕಡೆ ಚೂಪು, ಎರಡು ಕಡೆ ಅಗಲ ಇದ್ದರೆ ಅದು ಚರ್ಮ ಹೊಲಿಯುವ ಆರೆ. ಕುದುರೆಯ ಜೀನು, ಬಾರು, ಬೆಲ್ಟು ಹೊಲಿಯುವವರದು. ಆ ಆಕಾರದ ತೂತು ಚರ್ಮದಲ್ಲಿ ದಾರವನ್ನು ಬಿಗಿಯಾಗಿ ಹಿಡಿಯುತ್ತದೆ. ತೂತು ದುಂಡಗಿದ್ದರೆ ಗೀರು ಹಾಕುವ ಅಥವಾ ತೂತು ಹಿಗ್ಗಿಸುವ ಕಡ್ಡಿ. ತೂತು ಚೌಕ ಇದ್ದರೆ ಮರಗೆಲಸದ್ದು ಇರುವ ಸಾಧ್ಯತೆ ಜಾಸ್ತಿ, ಆದರೆ ಅಟ್ಟೆಗೆ ಮರದ ಮೊಳೆ ಹೊಡೆಯುವವರ ಗಿಡ್ಡ ಆರೆಯೂ ಚೌಕ ಇರಬಹುದು. ಗಿಡ್ಡ ಮೊನೆ, ಹಿಡಿಯ ನೆತ್ತಿ ಸುತ್ತಿಗೆ ಏಟಿಗೆ ಜಜ್ಜಿದ್ದರೆ ಅಟ್ಟೆಯದು. ತುದಿ ಉಳಿಯ ಹಾಗೆ ಚಪ್ಪಟೆ ಇದ್ದರೆ ಬಡಗಿಯದು, ಸ್ಕ್ರೂ ಹಾಕುವ ಮೊದಲು ಮರದಲ್ಲಿ ತೂತು ಮಾಡುವುದು.

ಮೊನೆಯ ಹತ್ತಿರ ಸಣ್ಣ ಕೊಕ್ಕೆ ಕಡಿದಿದ್ದರೆ ಅದು ಚಪ್ಪಲಿ ಹೊಲಿಯುವವರ ಕೊಕ್ಕೆ ಆರೆ. ದಾರವನ್ನು ಕೆಳಗಿನಿಂದ ಮೇಲಕ್ಕೆ ಎಳೆದುಕೊಳ್ಳಲು. ಇದನ್ನು ಸೋಪಿಗೆ ಒತ್ತಬೇಡಿ, ತುಕ್ಕು ತಿಂದ ಕೊಕ್ಕೆ ಪಟ್ಟನೆ ಮುರಿಯುತ್ತದೆ. ಈಗ ರವಿಕೆಗೆ ಆರಿ ವರ್ಕ್ ಮಾಡುವ ಹೆಣ್ಣುಮಕ್ಕಳು ಮನೆಮನೆಯಲ್ಲೂ ಇದ್ದಾರೆ ಅಲ್ವಾ, ಆ ಸೂಜಿಗೂ ಕೊಕ್ಕೆ ಇದೆ. ಆದರೆ ಅದು ಹೊಲಿಗೆ ಸೂಜಿಯಷ್ಟು ತೆಳು. ಅಟ್ಟೆ ಚುಚ್ಚಲು ಹೋದರೆ ಬಾಗಿಹೋಗುತ್ತದೆ. ಕ್ರೋಶಾ ಕಡ್ಡಿಯ ತುದಿ ದುಂಡಗೆ, ಚುಚ್ಚುವುದೇ ಇಲ್ಲ.

ಮರದ ಹಿಡಿಯೇ ಇಲ್ಲದ, ಎಂಟರಿಂದ ಹನ್ನೆರಡು ಇಂಚಿನ ಉಕ್ಕಿನ ಕಡ್ಡಿ ಸಿಕ್ಕಿದರೆ ಎರಡೂ ತುದಿ ನೋಡಿ. ಒಂದು ತುದಿ ಚೂಪು, ಇನ್ನೊಂದು ಚಮಚದ ಹಿಡಿಯ ಹಾಗೆ ಚಪ್ಪಟೆ ಇದ್ದರೆ ಅದು ಕುಶನ್ ಕೆಲಸದ ರೆಗ್ಯುಲೇಟರ್. ಗೋಣಿತಾಟಿನ ಮೇಲಿಂದಲೇ ಚುಚ್ಚಿ ಒಳಗಿನ ನಾರನ್ನು ಮೂಲೆಗೆ ತಳ್ಳಲು ಬಳಸುತ್ತೇವೆ. ನಾನು ದಿನಾ ಹಿಡಿಯುವ ಸಾಮಾನು ಇದು. ಚಪ್ಪಟೆ ತುದಿಯಲ್ಲಿ ತೂತು ಇದ್ದರೂ ಇರಬಹುದು, ಅದನ್ನು ನೋಡಿ ಸೂಜಿ ಅಂದುಕೊಳ್ಳಬೇಡಿ. ಎರಡೂ ತುದಿ ಚೂಪಾಗಿದ್ದು ಒಂದು ಕಡೆ ಕಣ್ಣು ಇದ್ದರೆ ಮಾತ್ರ ಅದು ಗುಂಡಿ ಕಟ್ಟುವ, ಸ್ಪ್ರಿಂಗ್ ಹೊಲಿಯುವ ಉದ್ದ ಸೂಜಿ. ದಪ್ಪ ಕುಶನ್ನಿನಿಂದ ಪೂರ್ತಿ ಹೊರಗೆ ಎಳೆಯದೆ ಹಿಂದಕ್ಕೂ ಚುಚ್ಚಲಿ ಅಂತ ಎರಡು ಮೊನೆ. ಅರ್ಧಚಂದ್ರದ ಹಾಗೆ ಬಾಗಿದ ಸೂಜಿಯೂ ನಮ್ಮದೇ.

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳ್ಳಿಮನೆಗಳಿಂದ ಕಿರುಬೆರಳಿನಷ್ಟು ದಪ್ಪದ ಆರೆ ಬಂದರೆ ಬೇರೆ ಥರ ಯೋಚಿಸಿ. ಬಾವಿಯಿಂದ ಕಪಿಲೆಯಲ್ಲಿ, ಅಂದರೆ ಎತ್ತು ಕಟ್ಟಿ ಚರ್ಮದ ಚೀಲದಲ್ಲಿ, ನೀರೆತ್ತುತ್ತಿದ್ದ ಊರುಗಳು ಇವು. ಆ ಚರ್ಮದ ಚೀಲವನ್ನು ದಾರದ ಬದಲು ಚರ್ಮದ ಬಾರಿನಲ್ಲಿ ಹೆಣೆದು ಹೊಲಿಯಲು ಇಂಥ ದೊಡ್ಡ ತೂತು ಬೇಕು. ಬಂಗಾರಪೇಟೆ ಕಡೆಯ ಒಬ್ಬ ಹೆಣ್ಣುಮಗಳು ಇಂಥದೊಂದನ್ನು ತಂದಿದ್ದರು. "ನಮ್ಮ ತಾತಂದು, ಐಸ್ ಒಡೆಯೋದಂತೆ" ಅಂದರು. ಸೋಪಿಗೆ ಒತ್ತಿದೆ, ಬಾದಾಮಿ ಆಕಾರದ ತೂತು ಬಂತು. ಮೊನೆಯಿಂದ ಎರಡು ಇಂಚು ಮೇಲಿನವರೆಗೂ ಕಬ್ಬಿಣ ಕನ್ನಡಿಯ ಹಾಗೆ ನುಣುಪಾಗಿತ್ತು, ಅಲ್ಲಿಂದ ಮೇಲೆ ಒರಟು. ಅಷ್ಟು ಆಳಕ್ಕೆ ಚರ್ಮದಲ್ಲಿ ಮುಳುಗಿ ಎದ್ದು, ಮುಳುಗಿ ಎದ್ದು ಆದ ನುಣುಪು ಅದು. "ನಿಮ್ಮ ತಾತನ ಕೈ ಇಲ್ಲಿದೆ ನೋಡಿ ಅಮ್ಮ" ಅಂತ ಅಲ್ಲಿ ಬೆರಳು ಇಡಿಸಿದೆ. ತಂತಿ ಬ್ರಷ್ಷು ಹಾಕಿದ್ದರೆ ಆ ಗಡಿಯೇ ಅಳಿಸಿಹೋಗುತ್ತಿತ್ತು.

ಹಂತ 5: ಕೊಯ್ಯುವ ಅಲಗು

ಅಲಗಿನ ಎರಡೂ ಮುಖ ನೋಡಿ. ಒಂದು ಮುಖ ಪೂರ್ತಿ ಚಪ್ಪಟೆ, ಇನ್ನೊಂದು ಮುಖದಲ್ಲಿ ಮಾತ್ರ ಸಾಣೆಯ ಇಳಿಜಾರು ಇದ್ದರೆ ಅದು ಚರ್ಮದ ಅಂಚನ್ನು ತೆಳ್ಳಗೆ ಹೆರೆಯುವ ಅಲಗು. ನಮ್ಮ ಕಡೆಯ ರಂಪಿಗೆ (ಕೆಲವರು ರಾಪಿ ಅನ್ನುತ್ತಾರೆ) ತುದಿಯಲ್ಲಿ ಅಗಲವಾಗಿ, ಹಿಡಿಯ ಕಡೆ ಸಣ್ಣಗಾಗುವ ಗಟ್ಟಿ ಪಟ್ಟಿ. ಕೊಯ್ಯುವುದು, ಹೆರೆಯುವುದು ಎರಡಕ್ಕೂ ಅದೇ. ಗಾರೆ ಕೆರೆಯುವ ಪಟ್ಟಿ ಅಂತ ತಿಳಿದು ಬಣ್ಣದವರಿಗೆ ಕೊಟ್ಟವರನ್ನು ನೋಡಿದ್ದೇನೆ. ಗಾರೆ ಪಟ್ಟಿ ಬಾಗುತ್ತದೆ, ರಂಪಿಗೆ ಬಾಗುವುದಿಲ್ಲ.

ಅರ್ಧಚಂದ್ರದ ಅಲಗಿನ ನಡುವೆ ಒಂದೇ ಹಿಡಿ ಇದ್ದರೆ ಚರ್ಮ ಕತ್ತರಿಸುವ ಕತ್ತಿ. ಎರಡು ಕೊನೆಗೂ ಎರಡು ಹಿಡಿ ಇದ್ದರೆ ಅಡುಗೆಮನೆಯದು. ಉದ್ದ ಅಲಗಿಗೆ ಎರಡು ಕಡೆ ಹಿಡಿ ಇದ್ದರೆ ಹಿಡಿಗಳ ದಿಕ್ಕು ನೋಡಿ. ಅಲಗಿನ ಸಾಲಿನಲ್ಲೇ ಚಾಚಿಕೊಂಡಿದ್ದರೆ, ಅಲಗೂ ಬಿಲ್ಲಿನ ಹಾಗೆ ಬಾಗಿದ್ದರೆ, ಹದ ಮಾಡುವವರು ತೊಗಲಿನ ಮಾಂಸ ಹೆರೆಯುವ ಕತ್ತಿ. ಹಿಡಿಗಳು ಅಲಗಿಗೆ ಅಡ್ಡಲಾಗಿ ನಮ್ಮ ಕಡೆ ತಿರುಗಿದ್ದರೆ ಮರ ಹೆರೆಯುವುದು.

ಪಿಸ್ತೂಲಿನ ಆಕಾರದ ಹಿಡಿ, ಅದಕ್ಕೆ ಅಡ್ಡಲಾಗಿ ಅಳತೆ ಕೆತ್ತಿದ ಪಟ್ಟಿ, ಒಂದು ನಿಂತ ಅಲಗು ಇದ್ದರೆ ಬೆಲ್ಟಿನ ಪಟ್ಟಿ ಕೊಯ್ಯುವ ಗೇಜು. ಬಡಗಿಯ ಗೇಜಿನಲ್ಲಿ ಅಲಗಿನ ಜಾಗದಲ್ಲಿ ಗೀಟು ಹಾಕುವ ಸಣ್ಣ ಮೊಳೆ ಇರುತ್ತದೆ.

ಎಚ್ಚರಿಕೆ: ಅಲಗಿನ ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಯಾರೋ ಗ್ರೈಂಡರಿನಲ್ಲಿ ಜಾಸ್ತಿ ಕಾಯಿಸಿದ್ದಾರೆ, ಆ ಜಾಗದಲ್ಲಿ ಉಕ್ಕಿನ ಗಡಸು ಹೋಗಿದೆ ಅಂತ ಅರ್ಥ. ಆ ಅಂಚಿನ ಆಕಾರವೂ ಮೂಲದ್ದು ಇರಲಾರದು, ಅದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ.

ಹಂತ 6: ಕವಲು ತುದಿಯ ಸಾಮಾನು

ಇದನ್ನು ನಿಧಾನವಾಗಿ ಓದಿ. ನೋಡಲು ಒಂದೇ ಥರ ಇರುವ ಮೂರು ಸಾಮಾನು ಇವೆ, ಕೆಲಸ ಮೂರಕ್ಕೂ ಬೇರೆ.

ಮೊದಲನೆಯದು ಮೊಳೆ ಎತ್ತುವುದು. ಕುಶನ್ ಕೆಲಸದ್ದು. ಕವಲು ದಪ್ಪ, ಕುತ್ತಿಗೆ ಬಾಗಿದೆ, ಸೀಳು ಇಂಗ್ಲಿಷಿನ ವಿ ಆಕಾರದಲ್ಲಿ ಒಳಗೆ ಹೋಗುತ್ತಾ ಕಿರಿದಾಗುತ್ತದೆ. ಬಾಗಿದ ಬೆನ್ನು ಮರಕ್ಕೆ ಒತ್ತಿ ಒತ್ತಿ ಸವೆದಿರುತ್ತದೆ.

ಎರಡನೆಯದು ಚರ್ಮದ ಅಂಚಿನ ಮೂಲೆ ಹೆರೆಯುವುದು. ಕವಲು ಸಣ್ಣದು, ತೆಳು. ತಿರುಗಿಸಿ ಅಡಿಭಾಗ ನೋಡಿ, ಎರಡು ಕವಲಿನ ನಡುವಿನ ಬುಡದಲ್ಲಿ ಸಣ್ಣ ಚೂಪು ಅಂಚು ಇರುತ್ತದೆ. ಕೊಯ್ಯುವುದು ಆ ಬುಡವೇ, ಕವಲಿನ ತುದಿ ಅಲ್ಲ. ತುದಿಗಳು ದಾರಿ ತೋರಿಸುತ್ತವೆ ಅಷ್ಟೇ. ಹಿಡಿಯ ಹತ್ತಿರ 1, 2, 3 ಅಂತ ನಂಬರ್ ಇರಬಹುದು. ಒಂದೇ ಕಂಪನಿಯ ಸಾಲಿನಲ್ಲಿ ನಂಬರ್ ಏರಿದ ಹಾಗೆ ಹೆರೆಯುವ ಅಗಲವೂ ಸಾಮಾನ್ಯವಾಗಿ ಏರುತ್ತದೆ.

ಮೂರನೆಯದು ಅಂಚಿಗೆ ಗೆರೆ ಒತ್ತುವುದು. ಎರಡು ಕವಲೂ ಮೊಂಡು, ನುಣುಪು, ಎಲ್ಲೂ ಚೂಪು ಇಲ್ಲ. ಒಂದು ಕವಲು ಇನ್ನೊಂದಕ್ಕಿಂತ ಉದ್ದ ಇರಬಹುದು, ಕೆಲವಕ್ಕೆ ನಡುವೆ ಸ್ಕ್ರೂ ಇರುತ್ತದೆ. ಬಿಸಿ ಮಾಡಿ ಬಳಸುತ್ತಿದ್ದರಿಂದ ತುದಿ ಕಂದು, ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ತುಕ್ಕಲ್ಲ, ಉಜ್ಜಬೇಡಿ.

ನಾನು ಕೆಲಸ ಕಲಿಯುವಾಗ ಎರಡನೆಯದನ್ನು ಮೊದಲನೆಯದು ಅಂದುಕೊಂಡು ಹಳೇ ಕುರ್ಚಿಯ ಮೊಳೆ ಕಿತ್ತೆ. ಮೂರನೇ ಮೊಳೆಗೇ ಒಂದು ಕವಲು ಮುರಿಯಿತು. ಕೆಲಸ ಕಲಿಸುತ್ತಿದ್ದ ಮೇಸ್ತ್ರಿ ಬೈಯಲಿಲ್ಲ. ಮುರಿದ ತುಂಡು ಕೈಗೆ ಕೊಟ್ಟು, "ಅಡಿ ತಿರುಗಿಸಿ ನೋಡಿದ್ದರೆ ಗೊತ್ತಾಗ್ತಿತ್ತು" ಅಂದರು. ಆ ತುಂಡು ಈಗಲೂ ನನ್ನ ಡ್ರಾಯರಿನಲ್ಲಿದೆ. ಹಾಗಾಗಿ ಹೇಳುತ್ತೇನೆ, ಅಡಿ ತಿರುಗಿಸಿ ನೋಡದೆ ಯಾವ ಕವಲು ಸಾಮಾನನ್ನೂ ಬಲ ಹಾಕಿ ಬಳಸಬೇಡಿ.

ಹಂತ 7: ಹಲ್ಲು ಮತ್ತು ಚಕ್ರ

ಹಿಡಿಯ ತುದಿಯಲ್ಲಿ ಹಲ್ಲಿನ ಚಕ್ರ ಇದ್ದರೆ ಮೂರು ಅನುಮಾನ: ಕರ್ಜಿಕಾಯಿ ಚಕ್ರ, ಟೈಲರ್ ಗುರುತಿನ ಚಕ್ರ, ಚರ್ಮದ ಹೊಲಿಗೆ ಗುರುತಿನ ಚಕ್ರ. ಚರ್ಮದ ತುಂಡನ್ನು ಸ್ವಲ್ಪ ಒದ್ದೆ ಮಾಡಿ ಅದರ ಮೇಲೆ ಉರುಳಿಸಿ. ಕರ್ಜಿಕಾಯಿ ಚಕ್ರ ಬಿಡದೆ ಅಂಕುಡೊಂಕು ಗೆರೆ ಬಿಡುತ್ತದೆ. ಟೈಲರ್ ಚಕ್ರ ಸೂಜಿಮೊನೆಯ ಹತ್ತಿರ ಹತ್ತಿರದ ಚುಕ್ಕಿ ಬಿಡುತ್ತದೆ. ಚರ್ಮದ ಚಕ್ರದ ಹಲ್ಲು ಮೊಂಡು, ದಪ್ಪ. ಒಂದೇ ಅಂತರದ ಗುಳಿ ಬಿಡುತ್ತದೆ. ಒಂದು ಇಂಚಿನಲ್ಲಿ ಎಷ್ಟು ಗುಳಿ ಎಣಿಸಿ. ಇಂಗ್ಲಿಷ್ ಸಾಮಾನಾದರೆ ಚಕ್ರದ ಮೇಲಿನ ನಂಬರ್ ಸಾಮಾನ್ಯವಾಗಿ ಅದೇ ಲೆಕ್ಕ, ಇಂಚಿಗೆ ಎಷ್ಟು ಹೊಲಿಗೆ ಅಂತ.

ಬಾಚಣಿಗೆಯಂಥ ಹಲ್ಲಿನ ಉಳಿಯಲ್ಲೂ ಎರಡು ಬಗೆ. ಹಲ್ಲು ಗಿಡ್ಡ, ಓರೆ ಇದ್ದರೆ ಗುರುತು ಮಾಡಲು ಮಾತ್ರ, ತೂತು ಆರೆಯಲ್ಲಿ. ಹಲ್ಲು ಉದ್ದ ಇದ್ದು ಚರ್ಮದ ಆಚೆ ಬದಿಗೆ ಬರುವಂತಿದ್ದರೆ ತೂತು ಹೊಡೆಯುವುದು.

ಕೊಳವೆ ಬಾಯಿಯ ಪಂಚಿಗೆ ನಂಬರ್ ನಂಬಬೇಡಿ, ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಬಾಯಿಗೆ ತೂರಿಸಿ ನೋಡಿ, ಸರಿಯಾಗಿ ಕೂತದ್ದೇ ಅಳತೆ.

ಹಂತ 8: ಸುತ್ತಿಗೆ, ಇಕ್ಕಳ, ಹಲಗೆ

ಸುತ್ತಿಗೆಯನ್ನು ತೂಗಿ. ಸಣಕಲು ಉದ್ದ ತಲೆ, ಇನ್ನೂರು ಗ್ರಾಂ ಆಸುಪಾಸು ತೂಕ, ಒಂದು ಬಾಯಿ ಸೀಳಿದ್ದರೆ ಕುಶನ್ ಸುತ್ತಿಗೆ. ಗುಂಡುಪಿನ್ನು ಹಿಡಿದು ನೋಡಿ, ಸೀಳಿದ ಬಾಯಿಗೆ ಅಯಸ್ಕಾಂತ ಇರುತ್ತದೆ. ಹಳೇದರಲ್ಲಿ ಶಕ್ತಿ ಕುಂದಿರಬಹುದು. ಬಾಯಿ ಅಗಲ, ದುಂಡು, ನಡುವೆ ಸ್ವಲ್ಪ ಉಬ್ಬಿದ್ದರೆ ಚಪ್ಪಲಿ ಕೆಲಸದ್ದು. ಏಟು ಬಿದ್ದಲ್ಲಿ ಚರ್ಮಕ್ಕೆ ಅಂಚಿನ ಗಾಯ ಆಗಬಾರದು ಅಂತ ಉಬ್ಬು.

ಇಕ್ಕಳದ ದವಡೆ ಕೆಳಗೆ ಸುತ್ತಿಗೆಯಂಥ ಗುಬ್ಬಿ ಇದ್ದರೆ ಅದು ಶೂ ಅಚ್ಚಿನ ಮೇಲೆ ಚರ್ಮ ಎಳೆದು ಅಲ್ಲೇ ಮೊಳೆ ಬಡಿಯಲು. ದವಡೆ ಮೂರು ಇಂಚು ಆಸುಪಾಸು ಅಗಲ ಇದ್ದು ಗೆರೆ ಹಲ್ಲು ಇದ್ದರೆ ನವಾರು ಎಳೆಯುವ ಇಕ್ಕಳ. ದವಡೆ ಚೂಪಾಗಿ ಪೂರ್ತಿ ಕೂಡಿಕೊಂಡರೆ ಲಾಳದವರದು ಇರಬಹುದು.

ಬಟ್ಟೆ ಬಡಿಯುವ ಬಡಿಗೆಯ ಹಾಗೆ ಕಾಣುವ ಮರದ ಹಲಗೆಯಲ್ಲಿ ಉದ್ದ ಸೀಳು, ಜೊತೆಗೆ ಸರಪಣಿ ಕಟ್ಟಿದ ಗೂಟ ಇದ್ದರೆ ಒಲೆಗೆ ಹಾಕಬೇಡಿ. ಅದು ನವಾರು ಬಿಗಿಯುವ ಹಲಗೆ. ಗೂಟ ಎಷ್ಟೋ ಸಲ ಕಳೆದುಹೋಗಿರುತ್ತದೆ, ಸೀಳಿನ ಅಂಚು ಪಟ್ಟಿ ಉಜ್ಜಿ ನುಣುಪಾಗಿದ್ದರೆ ಸಾಕು. ಬುಗುರಿಯಂಥ, ಸುತ್ತ ಕಾಲುವೆ ಕೊರೆದ ಮರದ ತುಂಡು ಚರ್ಮದ ಅಂಚು ತಿಕ್ಕಿ ಹೊಳಪು ಕೊಡುವುದು. ಮೊಣಕಾಲ ನಡುವೆ ಹಿಡಿಯುವ ಮರದ ದೊಡ್ಡ ಚಿಮಟದ ದವಡೆಯ ಒಳಗೆ ಚರ್ಮ ಅಂಟಿಸಿದ್ದರೆ ಅದು ಹೊಲಿಯುವಾಗ ಚರ್ಮ ಹಿಡಿದುಕೊಳ್ಳುವ ಹಿಡಿಕೆ.

ಹಂತ 9: ಅಚ್ಚು ಓದಿ, ಆದರೆ ಕೊನೆಯಲ್ಲಿ

ಅಚ್ಚಿನ ಜಾಗಕ್ಕೆ ಸೀಮೆಸುಣ್ಣ ತಿಕ್ಕಿ ಮೇಲ್ಪದರ ಒರೆಸಿ, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಅಕ್ಷರ ಎದ್ದು ಕಾಣುತ್ತದೆ. "ಷೆಫೀಲ್ಡ್" (ಇಂಗ್ಲೆಂಡಿನ ಊರು) ಅಂತ ಮಾತ್ರ ಇದ್ದರೆ ಏನೂ ತೀರ್ಮಾನ ಆಗುವುದಿಲ್ಲ, ಅಲ್ಲಿ ಊಟದ ಚಾಕುವಿನಿಂದ ಗರಗಸದವರೆಗೆ ಎಲ್ಲ ಮಾಡುತ್ತಿದ್ದರು. ಜಾರ್ಜ್ ಬಾರ್ನ್ಸ್ಲಿ ಅಂತ ಇದ್ದರೆ ಷೆಫೀಲ್ಡಿನ ಚರ್ಮದ, ಶೂ ಕೆಲಸದ ಸಾಮಾನಿನ ಕಂಪನಿ. ಜೋಸೆಫ್ ಡಿಕ್ಸನ್ ಅಂದರೆ ವಾಲ್ಸಾಲ್, ಅದು ಇಂಗ್ಲೆಂಡಿನಲ್ಲಿ ಜೀನು ಮಾಡುವವರ ಊರು. ಅಮೆರಿಕದ ಸಿ.ಎಸ್. ಆಸ್ಬೋರ್ನ್ ಚರ್ಮಕ್ಕೂ ಕುಶನ್ನಿಗೂ ಎರಡಕ್ಕೂ ಮಾಡುತ್ತದೆ. ಈ ಕಂಪನಿ ಶುರುವಾದದ್ದು 1826ರಲ್ಲಿ. ಯಾವುದೇ ಕಂಪನಿಯ ಅಚ್ಚಿನಲ್ಲಿ ಅಥವಾ ಡಬ್ಬಿಯ ಮೇಲೆ ಇಂಥ ಇಸವಿ ಕಂಡರೆ ಅದನ್ನು ಸಾಮಾನಿನ ವಯಸ್ಸು ಅಂದುಕೊಂಡು ದುಡ್ಡು ಕೊಡಬೇಡಿ. ಮೂರು ಗೆರೆಯ ಬಾಣದ ಗುರುತು ಇದ್ದರೆ ಬ್ರಿಟಿಷ್ ಸರ್ಕಾರದ ಆಸ್ತಿಯಾಗಿತ್ತು ಅಂತ.

ಅಚ್ಚೇ ಇಲ್ಲದ್ದು ಕೀಳು ಅಲ್ಲ. ಅಲಗಿನ ಮೇಲೆ ಅರದ ಹಳೇ ಗೆರೆಗಳು ತೆಳುವಾಗಿ ಕಂಡರೆ ಊರ ಕುಲುಮೆಯಲ್ಲಿ ಸವೆದ ಅರವನ್ನೇ ಕಾಯಿಸಿ ಬಡಿದು ಮಾಡಿದ್ದು. ನನ್ನ ಮಟ್ಟಿಗೆ ಅವೇ ಒಳ್ಳೆಯ ಅಲಗುಗಳು.

ಹಂತ 10: ಚರ್ಮದ ಮೇಲೆ ಒಂದು ಸಲ, ಆಮೇಲೆ ಚೀಟಿ

ಈಗ ಹೆಸರು ಊಹಿಸಿ, ಚರ್ಮದ ತುಂಡಿನ ಮೇಲೆ ಮೆಲ್ಲಗೆ ಒಂದೇ ಸಲ ಬಳಸಿ. ಊಹೆ ಸರಿ ಇದ್ದರೆ ಸಾಮಾನು ಕೈಯಲ್ಲಿ ತಾನಾಗೇ ಒಂದು ಕೋನಕ್ಕೆ ಕೂರುತ್ತದೆ, ಹಿಡಿಯ ಸವೆದ ಜಾಗಕ್ಕೆ ಹೆಬ್ಬೆರಳು ಬೀಳುತ್ತದೆ. ಒತ್ತಾಯ ಮಾಡಬೇಕಾಗಿ ಬಂದರೆ ನಿಲ್ಲಿಸಿ, ಹಂತ 3ಕ್ಕೆ ಹಿಂದಿರುಗಿ. ಸವೆತ ಎಡಗೈಯವರ ಥರ ಇದೆಯಾ ಅಂತಲೂ ಕೈ ಬದಲಾಯಿಸಿ ನೋಡಿ.

ಚೀಟಿಯಲ್ಲಿ ಸಾಮಾನಿನ ಹೆಸರು, ಬಾಯಿಯ ಅಳತೆ, ಸಿಕ್ಕ ಊರು, ಯಾರ ಮನೆಯದು ಬರೆಯಿರಿ. ಮನೆಯ ಹಿರಿಯರು ಅದಕ್ಕೆ ಏನು ಅನ್ನುತ್ತಿದ್ದರು ಅಂತ ಕೇಳಿ, ಅದೇ ಮಾತನ್ನು ಮೊದಲು ಬರೆಯಿರಿ. ಕೋಲಾರದ ಕಡೆ ತೆಲುಗು ಹೆಸರು ಬರಬಹುದು, ಅದನ್ನೂ ಹಾಗೇ ಬರೆಯಿರಿ. ಚೀಟಿಯನ್ನು ಹಿಡಿಗೆ ದಾರದಲ್ಲಿ ಕಟ್ಟಿ, ಅಂಟು ಹಾಕಬೇಡಿ. ಇಷ್ಟಾದ ಮೇಲೆ ತುಕ್ಕಿಗೆ ಕೈ ಹಾಕಬಹುದು: ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಬೇಕಾದರೆ ನುಣುಪು ಉಕ್ಕಿನ ನಾರು, ಬಾಯಿಯ ಅಂಚು ಮುಟ್ಟದೆ. ಕೊನೆಗೆ ಎಣ್ಣೆ ಸವರಿ ಒಣ ಬಟ್ಟೆಯಲ್ಲಿ ಸುತ್ತಿಡಿ. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದು ಮಳೆಗಾಲದಲ್ಲಿ ಮತ್ತೆ ತುಕ್ಕು ತರುತ್ತದೆ.